ಏಕನಾಥರಾಯರ ಸಮನ್ವಯ

ಎಲ್ಲಕ್ಕೂ ಮೂಲ ದುಮ್ಮವಾಡದ ಶಿದ್ಲಿಂಗಪ್ಪನ ಬಲಗಾಲು. ಹುಲ್ಲು ಹೇರಿದ ಚಕ್ಕಡಿಯ ಮೇಲೆ ಮಲಗಿ ನಿದ್ದೆ ಹೋಗಿದ್ದ ಅವನು, ರಸ್ತೆಯ ತಿರುವಿನಲ್ಲಿ ಅರ್ಧ ಹುಲ್ಲಿನ ಸಮೇತ ಕೆಳಗಿಳಿದ. ಪಾದ ಬದನೆಕಾಯಿಯಂತೆ ಊದಿಕೊಂಡಿತು. ಮನೆಯವರು ಅದೇ ಚಕ್ಕಡಿಯಲ್ಲಿ ಅವನನ್ನು ಕೆಂಗಲಕೊಪ್ಪದ ಸರಕಾರಿ ದವಾಖಾನೆಗೆ ತಂದರು.

ಡಾಕ್ಟರು ನೋಡಿ ಎಕ್ಸ್‌ರೇ ತೆಗೆಸಲು ಹೇಳಿದರು. ಎಕ್ಸ್‌ರೇ ಕೋಣೆಯ ಈರಪ್ಪ, ಫಿಲ್ಮ್ ತನ್ನಲ್ಲಿಲ್ಲ, ಔಷಧದ ಕೋಣೆಯಲ್ಲಿ ಕೇಳು ಎಂದ. ಔಷಧದ ಕೋಣೆಯ ಕಂಪೌಂಡರ್ ರಸೂಲಸಾಬ, ಫಿಲ್ಮ್ ಇರುವುದು ನಿಜ, ಆದರೆ ವಾರ್ಡಿನ ಸಿಸ್ಟರ್ ಕೇಳದ ಹೊರತು ಒಂದು ಚೂರು ಹತ್ತಿಯನ್ನೂ ಕೊಡುವುದಿಲ್ಲ ಎಂದ. ಸಿಸ್ಟರ್ ಲೀಲಾಬಾಯಿ, ಎಕ್ಸ್‌ರೇಗೂ ತನ್ನ ವಾರ್ಡಿಗೂ ಸಂಬಂಧವಿಲ್ಲ, ಹೇಗೂ ಬಂದಿದ್ದೀಯಲ್ಲ, ಹೋಗಿ ರಕ್ತ ಕೊಡು ಎಂದು ಕಳಿಸಿದಳು. ಲ್ಯಾಬಿನ ಮಡಿವಾಳೆಪ್ಪ ಯಾಕೆ ಏನು ಎಂದು ಕೇಳದೆ ರಕ್ತ ತೆಗೆದ. ಸಂಜೆಯ ಹೊತ್ತಿಗೆ ಈ ಮನುಷ್ಯನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಖಾಲಿ ಇದ್ದ ಮಂಚ ಒಂದೇ, ಅದೂ ಬಾಣಂತಿಯರ ವಾರ್ಡಿನ ಪಡಸಾಲೆಯಲ್ಲಿ. ಅಲ್ಲಿ ಮಲಗಿಸಿದರು. ಬಾಣಂತಿಯರ ಆರೈಕೆಗೆಂದು ಬಂದಿದ್ದ ಅಜ್ಜಿಯರು ಕನಿಕರಪಟ್ಟು ಅವನಿಗೂ ಬಾಣಂತಿಯರ ಅಂಟಿನುಂಡಿ ಕೊಟ್ಟರು.

ಶಿದ್ಲಿಂಗಪ್ಪನಿಗೆ ದೂರೇನೂ ಇರಲಿಲ್ಲ. ಮಲಗಿ ಮಲಗಿ ಕಾಲಿನ ಬಾವು ತಾನಾಗಿಯೇ ಇಳಿಯಿತು. ಊರಿಗೆ ಹೋಗಿ ಚಹಾದಂಗಡಿಯಲ್ಲಿ ಕೂತು, “ದವಾಖಾನಿ ಅಂದ್ರ ಅದು ನೋಡ್ರಿ. ಹೋಗಿದ್ದು ಕಾಲಿಗೆ, ತಿಂದು ಬಂದದ್ದು ಅಂಟಿನುಂಡಿ” ಎಂದು ಕಂಡವರಿಗೆಲ್ಲ ಹೇಳಿದ. ಈ ಹೊಗಳಿಕೆ ಬಸ್ಸು ಹತ್ತಿ ಕಲಘಟಗಿಗೆ ಹೋಯಿತು. ಅಲ್ಲಿಂದ ಧಾರವಾಡ ಮುಟ್ಟುವಷ್ಟರಲ್ಲಿ, ಕೆಂಗಲಕೊಪ್ಪದ ದವಾಖಾನೆಯಲ್ಲಿ ಗಂಡಸೊಬ್ಬ ಹಡೆದ ಎಂದಾಗಿತ್ತು.

ಜಿಲ್ಲೆಯ ದವಾಖಾನೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಸಾಹೇಬರು ಧಾರವಾಡದಿಂದ ಹುಕುಂ ಕಳಿಸಿದರು. ನಿಮ್ಮಲ್ಲಿ ವಿಭಾಗ ವಿಭಾಗಗಳ ನಡುವೆ ಸಮನ್ವಯವಿಲ್ಲ, ಕೂಡಲೇ ಸುಧಾರಿಸಬೇಕು, ಬರುವ ಗುರುವಾರ ನಾನೇ ನೋಡಲು ಬರುತ್ತೇನೆ ಎಂದು.

ಡಾಕ್ಟರ್ ದಿನಕರ ಕಾಯಿಲೆಗೆ ಹೆದರುವವರಲ್ಲ, ಜಗಳಕ್ಕೆ ಹೆದರುವವರು. ನಾಲ್ಕೂ ವಿಭಾಗದವರನ್ನು ಒಂದೇ ಕೋಣೆಯಲ್ಲಿ ಕೂಡಿಸುವುದೆಂದರೆ ಒಂದೇ ಚೀಲದಲ್ಲಿ ನಾಲ್ಕು ಬೆಕ್ಕು ಹಾಕಿದಂತೆ ಎಂದು ಅವರಿಗೆ ಗೊತ್ತಿತ್ತು. ಮಡಿವಾಳೆಪ್ಪನೂ ಈರಪ್ಪನೂ ಒಂದು ನೀರಿನ ಕೊಡದ ಸಲುವಾಗಿ ಮಾತು ಬಿಟ್ಟಿದ್ದರು. ಲೀಲಾಬಾಯಿಯೂ ರಸೂಲಸಾಬನೂ ಹತ್ತಿಯ ಸಲುವಾಗಿ. ಉಳಿದ ಜೋಡಿಗಳು ಇವರನ್ನು ನೋಡಿ ಕಲಿತಿದ್ದವು. ಆದ್ದರಿಂದ ಡಾಕ್ಟರು ಹೆಡ್‌ಕ್ಲಾರ್ಕ್ ಏಕನಾಥ ಹೆಬಸೂರರನ್ನು ಕರೆಸಿದರು.

“ಏಕನಾಥರಾಯರ, ಈ ಸಮನ್ವಯದ ಕೆಲಸ ನೀವ ಹಿಡಕೋಬೇಕು ನೋಡ್ರಿ.”

“ನಾ ಕ್ಲಾರ್ಕ್ ರಿ ಸರ.”

“ಅದಕ್ಕ ಹೇಳ್ಲಿಕತ್ತೇನಿ. ಪಗಾರದ ದಿನಾ ನಿಮ್ಮ ಜೋಡಿ ಎಲ್ಲಾರೂ ಮಾತಾಡ್ತಾರ.”

ರಾಯರು ಹಿಂದೆ ಮುಂದೆ ನೋಡಿದರು. ಡಾಕ್ಟರು ದನಿ ಇಳಿಸಿ, ಸಾಹೇಬರು ಖುಷಿಯಾದರೆ ಧಾರವಾಡದ ವಿಷಯ ತಾನೇ ತೆಗೆಯುವುದಾಗಿ ಹೇಳಿದರು. ಅಲ್ಲಿಗೆ ರಾಯರು ಒಪ್ಪಿದರು.

ಧಾರವಾಡದ ವಿಷಯವೆಂದರೆ ರಾಯರ ವರ್ಗದ ವಿಷಯ. ಅವರ ಹೆಂಡತಿ ವತ್ಸಲಾಬಾಯಿ ಧಾರವಾಡದ ಕನ್ಯಾಶಾಲೆಯಲ್ಲಿ ಮಾಸ್ತರಿಣಿ. ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ. ರಾಯರು ಕೆಂಗಲಕೊಪ್ಪದಲ್ಲಿ ಒಂದು ಖೋಲಿ ಹಿಡಿದು, ಸ್ಟೋವಿನ ಮೇಲೆ ಅನ್ನ ಸಾರು ಮಾಡಿಕೊಂಡು, ಶನಿವಾರ ಮಧ್ಯಾಹ್ನದ ಬಸ್ಸಿಗಾಗಿ ಸೋಮವಾರದಿಂದಲೇ ಕಾಯುತ್ತಿದ್ದರು. ವರ್ಗಕ್ಕೆ ಅರ್ಜಿ ಬರೆದು ಬರೆದು ಅವರ ಅಕ್ಷರ ಮುತ್ತಿನಂತಾಗಿತ್ತು. ದೊಡ್ಡ ಮಗಳು ಅಪ್ಪನನ್ನು ಕಂಡರೆ ‘ಬರ್ರಿ’ ಎಂದು ನೆಂಟರನ್ನು ಮಾತಾಡಿಸುವಂತೆ ಮಾತಾಡಿಸತೊಡಗಿದ್ದು ರಾಯರ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು.

ಉಪಾಯ ಹೊಳೆದದ್ದು ಒಂದು ಮುಂಜಿವೆಯ ಊಟದಲ್ಲಿ. ಎಲೆಯ ಮುಂದೆ ಕೂತ ರಾಯರಿಗೆ ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು. ಉಣ್ಣುವವನು ಯಾವುದನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕೋಸಂಬರಿಯವನು ಪಲ್ಯದವನ ಜೊತೆ ಮಾತು ಬಿಟ್ಟಿದ್ದರೂ ಎಲೆ ತುಂಬುತ್ತಿತ್ತು. ದವಾಖಾನೆಯೂ ಹೀಗೇಕಾಗಬಾರದು? ಕಟ್ಟಡದ ಮುಂದೆ ಉದ್ದದ ಪಡಸಾಲೆಯಿತ್ತು. ಅಲ್ಲಿ ಎಲ್ಲ ವಿಭಾಗಗಳ ಮೇಜುಗಳನ್ನು ಸಾಲಾಗಿ ಹಾಕಿಬಿಟ್ಟರೆ, ರೋಗಿ ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ವಾಸಿಯಾಗಿ ಹೊರಬೀಳುತ್ತಾನೆ.

ಗುರುವಾರ ಬೆಳಿಗ್ಗೆ ಥಂಡಿ ಗಾಳಿಯಲ್ಲಿ ಮಫ್ಲರ್ ಸುತ್ತಿಕೊಂಡು ರಾಯರು ಮೇಜು ಹೊರಿಸಿದರು. ಯಾರೂ ಸುಮ್ಮನೆ ಬರಲಿಲ್ಲ. ಈರಪ್ಪನ ಬಾಜು ಕೂಡುವುದಿಲ್ಲ ಎಂದು ಮಡಿವಾಳೆಪ್ಪ ಹಟ ಹಿಡಿದ. ಲೀಲಾಬಾಯಿ ರಸೂಲಸಾಬನ ಮುಖ ಕಾಣದ ಕಡೆ ಕುರ್ಚಿ ಹಾಕಿಸಿಕೊಂಡಳು. ಹೀಗೆ ಕಳೆದು ಕೂಡಿ, ಮಡಿವಾಳೆಪ್ಪನ ಪರೀಕ್ಷೆಯ ಮೇಜೂ ರಸೂಲಸಾಬನ ಔಷಧದ ಮೇಜೂ ಒಂದಕ್ಕೊಂದು ಅಂಟಿಕೊಂಡವು. ಎಕ್ಸ್‌ರೇ ಯಂತ್ರವನ್ನು ಹೊರಗೆ ತರುವ ಹಾಗಿರಲಿಲ್ಲ. ಈರಪ್ಪ ಬರಿ ಮೇಜಿನ ಹಿಂದೆ ಕೈಕಟ್ಟಿ ಕೂತ. ಪೂಜೆಗೆ ಕರೆದು, ಮಂತ್ರ ಮಾತ್ರ ಹೇಳಬೇಡ ಎಂದರೆ ಭಟ್ಟರು ಹೇಗೆ ಕೂಡುತ್ತಾರೋ ಹಾಗೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ ರೋಗಿಗಳಿಗೆ ಅನುಮಾನ ಬಂತು. ಬುತ್ತಿ ಕಟ್ಟಿಕೊಂಡು ಇಡೀ ದಿನಕ್ಕೆಂದು ಬಂದವರು, ಹೊತ್ತೇರುವುದರೊಳಗೆ ಕೆಲಸ ಮುಗಿದದ್ದು ನೋಡಿ, ಏನೋ ಬಿಟ್ಟಿದ್ದಾರೆ ಎಂದುಕೊಂಡು ಮತ್ತೊಮ್ಮೆ ಸಾಲಿನಲ್ಲಿ ನಿಂತರು.

ಆ ಸಾಲಿನಲ್ಲಿ ಬಮ್ಮಿಗಟ್ಟಿಯ ಮಲ್ಲಕ್ಕ ಇದ್ದಳು. ಕಡ್ಡಿಯಂಥ ಮುದುಕಿ, ಸೊಂಟನೋವಿಗೆಂದು ಬಂದಿದ್ದಳು. ಡಾಕ್ಟರು ಮೂತ್ರ ಪರೀಕ್ಷೆ ಬರೆದಿದ್ದರು. ಅವಳ ಹಿಂದೆ ಕಸ್ತೂರೆವ್ವ. ಬಸ್‌ಸ್ಟ್ಯಾಂಡಿನ ಎದುರು ಒಣಮೆಣಸಿನಕಾಯಿ ಮಾರುವ ಗಟ್ಟಿ ಹೆಂಗಸು. ಅವಳ ರಾಶಿಯ ಹತ್ತಿರ ಹಾಯ್ದವರೆಲ್ಲ ಕೆಮ್ಮುತ್ತಿದ್ದರೂ ಅವಳು ಕೆಮ್ಮಿದ್ದನ್ನು ಯಾರೂ ಕಂಡಿರಲಿಲ್ಲ. ಈ ಥಂಡಿಗೆ ಅವಳಿಗೂ ಕೆಮ್ಮು ಹತ್ತಿತ್ತು. ಕೆಮ್ಮಿಗೆ ರಸೂಲಸಾಬ ಕಾಡಿನ ಜೇನುತುಪ್ಪ ಬೆರೆಸಿ ಒಂದು ಮಿಶ್ರಣ ಮಾಡುತ್ತಿದ್ದ. ಅದರ ರುಚಿಗೆಂದೇ ಕೆಲವರು ಕೆಮ್ಮುತ್ತ ಬರುತ್ತಿದ್ದರು.

ಆಗ ದವಾಖಾನೆಗೆ ಬರುವವರು ಬಾಟ್ಲಿ ತಾವೇ ತರಬೇಕು. ಎಲ್ಲರೂ ತರುತ್ತಿದ್ದದ್ದು ಒಂದೇ ನಮೂನೆಯದು, ಬ್ರಾಂದಿ ಅಂಗಡಿಯ ಹಿಂದೆ ಸಿಗುವ ಚಪ್ಪಟೆ ಬಾಟ್ಲಿ, ಎತ್ತರ ಮಾತ್ರ ಒಂದಿಷ್ಟು ಹೆಚ್ಚುಕಡಿಮೆ. ಔಷಧಕ್ಕೂ ಅದೇ, ಪರೀಕ್ಷೆಗೂ ಅದೇ. ಇಷ್ಟು ವರ್ಷ ಲ್ಯಾಬು ಕಟ್ಟಡದ ಆ ತುದಿಗೂ ಔಷಧದ ಕೋಣೆ ಈ ತುದಿಗೂ ಇದ್ದುದರಿಂದ ತೊಂದರೆಯಾಗಿರಲಿಲ್ಲ.

ಮಲ್ಲಕ್ಕ ಹಿತ್ತಲ ಕಡೆಯಿಂದ ಬಂದು ತನ್ನ ಬಾಟ್ಲಿಯನ್ನು ಮಡಿವಾಳೆಪ್ಪನ ಮೇಜಿನ ಅಂಚಿಗೆ ಇಟ್ಟಳು. ರಸೂಲಸಾಬ ಕಸ್ತೂರೆವ್ವನ ಬಾಟ್ಲಿ ತುಂಬಿಸಿ ತನ್ನ ಮೇಜಿನ ಅಂಚಿಗೆ ಇಟ್ಟ. ಕಸ್ತೂರೆವ್ವ ಕೆಮ್ಮು ಬಂದು ಅಂಗಳಕ್ಕೆ ಇಳಿದಿದ್ದಳು. ಆಗ ಏಕನಾಥರಾಯರು ಆ ಕಡೆ ಬಂದರು.

ರಾಯರಿಗೆ ಒಂದು ದೌರ್ಬಲ್ಯವಿತ್ತು. ಸೊಟ್ಟಗಿದ್ದದ್ದು ಅವರಿಗೆ ನೋಡಲಾಗುತ್ತಿರಲಿಲ್ಲ. ಸಾಹೇಬರ ಜೀಪು ಯಾವ ಗಳಿಗೆಯಲ್ಲಾದರೂ ಬರಬಹುದು, ಇಲ್ಲಿ ನೋಡಿದರೆ ಬಾಟ್ಲಿಗಳು ಸಂತೆಗೆ ಬಂದ ಕುರಿಗಳ ಹಾಗೆ ಮನಸ್ಸು ಬಂದ ಕಡೆ ನಿಂತಿವೆ. ಅವರು ಅವನ್ನೆಲ್ಲ ಎತ್ತಿ, ಒರೆಸಿ, ಎತ್ತರದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಸಮಾಧಾನವಾಯಿತು.

ಕಸ್ತೂರೆವ್ವ ಬಂದು ರಸೂಲಸಾಬನ ಕಡೆಗಿದ್ದ ಬಾಟ್ಲಿ ಎತ್ತಿಕೊಂಡಳು. ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿತ್ತು. ಇದು ದವಾಖಾನೆಯವರ ಗುರುತಿರಬೇಕು ಎಂದುಕೊಂಡು ಸೆರಗಿನಲ್ಲಿ ಮುಚ್ಚಿ ಹೊರಟುಹೋದಳು.

ಮಡಿವಾಳೆಪ್ಪ ತನ್ನ ಕಡೆಗಿದ್ದ ಬಾಟ್ಲಿಯಿಂದ ತುಸು ನಳಿಕೆಗೆ ಸುರಿದು, ನೀಲಿ ದ್ರಾವಣ ಬೆರೆಸಿ ದೀಪದ ಮೇಲೆ ಹಿಡಿದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೊಸ ಹಂಚಿನ ಬಣ್ಣಕ್ಕೆ ತಿರುಗಿತು. ಇಷ್ಟು ಸಕ್ಕರೆ ಅವನು ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಕಬ್ಬಿನ ಗಾಣದ ಹತ್ತಿರವೂ ಕಂಡಿರಲಿಲ್ಲ. ಅವನಿಗೆ ಎಷ್ಟು ಗಾಬರಿಯಾಯಿತೆಂದರೆ, ಮಾತು ಬಿಟ್ಟದ್ದನ್ನು ಮರೆತು ಬಾಜುವಿನ ರಸೂಲಸಾಬನಿಗೆ ನಳಿಕೆ ತೋರಿಸಿದ. ರಸೂಲಸಾಬ ಎದ್ದು ನಿಂತು ಲೀಲಾಬಾಯಿಯನ್ನು ಕೂಗಿದ. ಲೀಲಾಬಾಯಿ ಓಡಿಬಂದು ನೋಡಿ, ಮಂಚ ಅಣಿ ಮಾಡಲು ಓಡಿದಳು. ಬೆಳಗಿನಿಂದ ಕೈಕಟ್ಟಿ ಕೂತಿದ್ದ ಈರಪ್ಪ ತಾನಾಗಿಯೇ ಸ್ಟ್ರೆಚರ್ ತಂದ. ಸೊಂಟ ಹಿಡಿದುಕೊಂಡು ನಿಂತಿದ್ದ ಮಲ್ಲಕ್ಕನನ್ನು ಮಡಿವಾಳೆಪ್ಪ ತಲೆ ಕಡೆಯಿಂದ, ಈರಪ್ಪ ಕಾಲ ಕಡೆಯಿಂದ ಎತ್ತಿದರು. ಆ ಇಬ್ಬರೂ ಕೂಡಿ ಏನನ್ನಾದರೂ ಎತ್ತಿದ್ದು ಅದೇ ಮೊದಲು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಾಯರ ಕಣ್ಣು ಒದ್ದೆಯಾದವು. ಇದು ಸಮನ್ವಯ. ಸಾಹೇಬರು ಈಗ ಬರಬೇಕು ಎಂದುಕೊಂಡರು.

ಡಾಕ್ಟರು ಬಂದು ನಳಿಕೆ ನೋಡಿದರು, ಮಲ್ಲಕ್ಕನನ್ನು ನೋಡಿದರು, ಮತ್ತೆ ನಳಿಕೆ ನೋಡಿದರು. ಇಷ್ಟು ಸಕ್ಕರೆಯಿದ್ದರೆ ತಡ ಮಾಡುವ ಹಾಗಿಲ್ಲ ಎಂದು ಸೂಜಿ ಕುದಿಯಲು ಇಡಿಸಿದರು. ಅಷ್ಟರಲ್ಲಿ ಯಾವುದೋ ಹೆರಿಗೆಗೆ ಕರೆ ಬಂದು ಒಳಗೆ ಹೋದರು.

ರಾಯರು ಮಂಚದ ಹತ್ತಿರ ಹೋಗಿ ಮುದುಕಿಗೆ ಧೈರ್ಯ ಹೇಳಿದರು. ಮಲ್ಲಕ್ಕ ಅವರ ಕೈ ಹಿಡಿದು ಪಿಸುಗುಟ್ಟಿದಳು.

“ಯಪ್ಪಾ, ನಂಗ ಒಂದ ತಿಳೀವಲ್ದು. ನನ್ನ ಬಾಟ್ಲಿಗೆ ಕೆಂಪ ದಾರಾ ಕಟ್ಟಿದ್ದೆ. ಆ ಮನಿಶ್ಯಾ ಸುರುವಿದ್ದು ದಾರಾ ಇಲ್ಲದ್ದು.”

ರಾಯರು ಪಡಸಾಲೆಗೆ ಬಂದು ನೋಡಿದರು. ದಾರದ ಬಾಟ್ಲಿ ಎಲ್ಲಿಯೂ ಇರಲಿಲ್ಲ. ದಾರವಿಲ್ಲದ್ದನ್ನು ಮೂಸಿದರು. ಜೇನುತುಪ್ಪ. ತಾವು ಹಚ್ಚಿದ ಸಾಲು ಅವರ ಕಣ್ಣ ಮುಂದೆ ಬಂತು. ಕೆಮ್ಮಿನ ಮಿಶ್ರಣವೆಂದು ಸೆರಗಿನಲ್ಲಿ ಬಾಟ್ಲಿ ಮುಚ್ಚಿಕೊಂಡು ಹೋದ ಕಸ್ತೂರೆವ್ವನೂ ಬಂದಳು. ಒಂದು ಕಡೆ, ಇಲ್ಲದ ಸಕ್ಕರೆಗೆ ಸೂಜಿ ಕುದಿಯುತ್ತಿದೆ. ಇನ್ನೊಂದು ಕಡೆ, ದಿನಕ್ಕೆ ಮೂರು ಸಲ ಕುಡಿ ಎಂದು ಹೇಳಿಸಿಕೊಂಡ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ. ಡಾಕ್ಟರಿಗೆ ಹೇಳೋಣವೆಂದರೆ ಹೆರಿಗೆಯ ಕೋಣೆಯ ಬಾಗಿಲು ಮುಚ್ಚಿತ್ತು. ಅವರು ಲೀಲಾಬಾಯಿಗೆ, ಡಾಕ್ಟರು ಹೊರಗೆ ಬರುವವರೆಗೂ ಸೂಜಿ ಚುಚ್ಚಬಾರದೆಂದು ಅವರದೇ ಅಪ್ಪಣೆಯಾಗಿದೆ ಎಂದು ಸುಳ್ಳು ಹೇಳಿ, ಧೋತರದ ಚುಂಗು ಎತ್ತಿ ಹಿಡಿದು ಓಡಿದರು.

ಕಸ್ತೂರೆವ್ವ ರಾಶಿಯ ಹಿಂದೆ ಕೂತಿದ್ದಳು. ಬಾಟ್ಲಿ ತಕ್ಕಡಿಯ ಬಾಜು ಇತ್ತು, ತುಂಬಿದ್ದು ತುಂಬಿದಂತೆ. ರಾಯರ ಜೀವ ಮರಳಿ ಬಂತು.

“ಕಸ್ತೂರೆವ್ವ, ಆ ಬಾಟ್ಲಿ ಇಲ್ಲೆ ಕೊಡ್ರಿ.”

“ಯಾಕ್ರಿ?”

“ಬದಲ ಮಾಡಿ ಕೊಡ್ತೇನಿ.”

“ಇದಕ್ಕೇನ ಆಗೇತಿ? ದಾರಾ ಕಟ್ಟಿ ಕೊಟ್ಟಾರ.”

ರಾಯರು ಅತ್ತಿತ್ತ ನೋಡಿದರು. ಚಹಾದಂಗಡಿಯವನು, ಬಸ್ಸಿಗೆ ಕಾಯುವವರು, ಎಲೆಯಡಿಕೆಯವನು, ಎಲ್ಲರೂ ಕಿವಿ ಇತ್ತ ತಿರುಗಿಸಿದ್ದರು. ಬಾಟ್ಲಿಯಲ್ಲಿ ಏನಿದೆ ಎಂದು ಹೇಳಿದರೆ ಸಾಹೇಬರ ಜೀಪು ಊರೊಳಗೆ ಬರುವ ಮೊದಲೇ ಸುದ್ದಿ ಎದುರಿಗೆ ಹೋಗಿ ಅವರನ್ನು ಕರೆತರುತ್ತದೆ. ಹೇಳದಿದ್ದರೆ ಇವಳು ಕೊಡುವುದಿಲ್ಲ. ಬೇರೇನೂ ತೋಚದೆ ಅವರು, ಅದು ಬಹಳ ಜೋರಿನ ಔಷಧ, ಅವಳಿಗಲ್ಲ ಎಂದರು.

ಇದು ತಪ್ಪಾಯಿತು.

“ಮತ್ಯಾರಿಗ್ರೀ? ಜೋರಂದು ಗೌಡ್ರ ಮನಿಗೆ, ನೀರ ಕಲಿಸಿದ್ದು ನಮಗ. ಹೌದಲ್ಲ?” ಎಂದು ಕಸ್ತೂರೆವ್ವ ಬಾಟ್ಲಿಯನ್ನು ಮಡಿಲಿಗೆ ಎಳೆದುಕೊಂಡಳು.

ಜನ ಕೂಡಿತು. ಮುಂಜಾನೆಯಿಂದ ಸಾಲಿನಲ್ಲಿ ನಿಂತ ಬಡವಿಯ ಔಷಧ ಕಸಿಯಲು ಕ್ಲಾರ್ಕ್ ಓಡಿಬಂದಿದ್ದಾನೆ ಎಂದು ಎಲೆಯಡಿಕೆಯವನು ಹೊಸದಾಗಿ ಬಂದವರಿಗೆ ವಿವರಿಸಿದ. ಕಸಿದುಕೊಳ್ಳುವ ಮೊದಲೇ ಕುಡಿದುಬಿಡು, ಹೊಟ್ಟೆಗೆ ಹೋದದ್ದನ್ನು ಯಾರು ಕಸಿಯುತ್ತಾರೆ ಎಂದು ಚಹಾದಂಗಡಿಯವನು ಬುದ್ಧಿ ಹೇಳಿದ. ಕಸ್ತೂರೆವ್ವನಿಗೂ ಅದು ಸರಿ ಕಂಡಿತು. ಮುಚ್ಚಳ ತೆಗೆದಳು. ಮೂಸಿದಳು. ಮುಖ ಸಿಂಡರಿಸಿದಳು.

“ಹೌದು, ಜೋರನ ಐತಿ,” ಎಂದು ಬಾಟ್ಲಿ ಬಾಯಿಯ ಹತ್ತಿರ ಒಯ್ದಳು.

ಹುಟ್ಟಿದಾಗಿನಿಂದ ಯಾರ ಮೈಯನ್ನೂ ಮುಟ್ಟಿ ಜಗಳವಾಡದ ಏಕನಾಥರಾಯರು ರಾಶಿ ದಾಟಿ ಹಾರಿದರು. ಕೈಗೆ ಕೈ ತಾಗಿ ಬಾಟ್ಲಿ ಕಲ್ಲಿನ ಮೇಲೆ ಬಿದ್ದು ಒಡೆಯಿತು. ರಾಯರು ಮೆಣಸಿನಕಾಯಿಯ ರಾಶಿಯ ಮೇಲೆ ಬೋರಲು ಬಿದ್ದರು.

ಆಮೇಲೆ ಸ್ವಲ್ಪ ಹೊತ್ತು ಅವರಿಗೆ ಲೋಕ ಕಾಣಲಿಲ್ಲ. ಕಣ್ಣಿನಿಂದ ನೀರು ಕಾಲುವೆಯಾಗಿ ಹರಿಯುತ್ತಿತ್ತು. ಕಸ್ತೂರೆವ್ವ ಅವರ ಅಂಗಿಯ ತೋಳು ಹಿಡಿದು, ನಡಿ ದವಾಖಾನಿಗೆ, ನಿಮ್ಮ ದೊಡ್ಡವರನ್ನೇ ಕೇಳುತ್ತೇನೆ ಎಂದು ಎಳೆದುಕೊಂಡು ಹೊರಟಳು. ಜನ ಹಿಂದೆ ಬಂತು. ರಾಯರಿಗೆ ದಾರಿ ಕಾಣದ್ದರಿಂದ ಅವಳು ಹಿಡಿದುಕೊಂಡದ್ದೇ ಒಳ್ಳೆಯದಾಯಿತು.

ದವಾಖಾನೆಯ ಮುಂದೆ ಜೀಪು ನಿಂತಿತ್ತು.

ಸಾಹೇಬರು ಬಂದು ಸ್ವಲ್ಪ ಹೊತ್ತಾಗಿತ್ತು. ಕಡಿಮೆ ಮಾತಿನ ದಪ್ಪ ಮನುಷ್ಯ. ಪಡಸಾಲೆಯ ಮೇಜುಗಳನ್ನು ನೋಡಿದ್ದರು. ಒಬ್ಬ ಮುದುಕಿಯ ಮಂಚದ ಸುತ್ತ ಲ್ಯಾಬಿನವನು, ಕಂಪೌಂಡರು, ಸಿಸ್ಟರು, ಎಕ್ಸ್‌ರೇಯವನು ನಾಲ್ವರೂ ನಿಂತು ಒಬ್ಬರೊಡನೊಬ್ಬರು ಮಾತಾಡುತ್ತಿದ್ದುದನ್ನು ನೋಡಿ ಹುಬ್ಬೇರಿಸಿದ್ದರು. ಹೆರಿಗೆ ಮುಗಿಸಿ ಬಂದ ಡಾಕ್ಟರು ಕೈ ಒರೆಸಿಕೊಳ್ಳುತ್ತ ಅವರ ಬಾಜು ನಿಂತಿದ್ದರು. ಅಷ್ಟರಲ್ಲಿ ಕಸ್ತೂರೆವ್ವ ರಾಯರನ್ನು ತಂದು ಅವರೆದುರಿಗೆ ನಿಲ್ಲಿಸಿದಳು. ಜೋರಿನ ಔಷಧದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು.

ಇನ್ನು ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ರಾಯರು ಕಣ್ಣೀರು ಒರೆಸಿಕೊಳ್ಳುತ್ತ ಬಾಟ್ಲಿ ಅದಲುಬದಲಾದದ್ದನ್ನು ಹೇಳಿದರು.

ಮಲ್ಲಕ್ಕ ಮಂಚದಿಂದಿಳಿದು ಚಪ್ಪಲಿ ಹುಡುಕಿದಳು. ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೆಮ್ಮು ಮಾತ್ರ ಆ ಗಾಬರಿಗೆ ನಿಂತೇಹೋಗಿತ್ತು. ರಸೂಲಸಾಬ ಬೇರೆ ಬಾಟ್ಲಿಯಲ್ಲಿ ಹೊಸ ಮಿಶ್ರಣ ಹಾಕಿ ಕೊಟ್ಟರೂ ಅವಳು ಮುಟ್ಟಲಿಲ್ಲ. ಮೊದಲು ಆ ಲ್ಯಾಬಿನವನು ನನ್ನ ಕಣ್ಣೆದುರಿಗೆ ಕುದಿಸಿ ತೋರಿಸಲಿ ಎಂದಳು. ಮಡಿವಾಳೆಪ್ಪ ಕುದಿಸಿದ. ಹೊಸ ಹಂಚಿನ ಬಣ್ಣ ಬಂತು. ಆಮೇಲೆ ಅವಳು ಬಾಟ್ಲಿ ತೆಗೆದುಕೊಂಡು, ರಾಯರ ಕಡೆ ಒಂದು ನೋಟ ನೋಡಿ ಹೋದಳು.

ಸಾಹೇಬರು ಡಾಕ್ಟರ ಕೋಣೆಯಲ್ಲಿ ಕೂತರು. ರಾಯರು ಹೊರಗೆ ಬಾಗಿಲ ಮರೆಯಲ್ಲಿ ಬೆಂಚಿನ ಮೇಲೆ ಕೂತು ಕಣ್ಣಿಗೆ ನೀರು ಹಚ್ಚಿಕೊಳ್ಳುತ್ತಿದ್ದರು. ಧಾರವಾಡ ಇನ್ನು ಈ ಜನ್ಮಕ್ಕಿಲ್ಲ ಎಂದು ಅವರಿಗೆ ಖಚಿತವಾಗಿತ್ತು.

ಆಗ ನಾಲ್ಕೂ ವಿಭಾಗದವರು ಕೂಡಿ ಅವರ ಮುಂದಿನಿಂದಲೇ ಹಾದು ಒಳಗೆ ಹೋದರು. ತಮ್ಮ ಮರ್ಯಾದೆ ಹೋಗಿದ್ದು ಒಬ್ಬನಿಂದ ಎನ್ನುವುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಎಲ್ಲರ ಪರವಾಗಿ ಲೀಲಾಬಾಯಿ ಮಾತಾಡಿದಳು.

“ಸರ, ಏಕನಾಥರಾಯರನ್ನ ಇಲ್ಲಿಂದ ತಗೀರಿ. ನಮ್ಮ ನಮ್ಮ ಖೋಲ್ಯಾಗ ನಾವು ಛಲೋ ಇದ್ವಿ.”

“ಲೀಲಾಬಾಯಾರು ಹೇಳಿದ್ದ ನನ್ನ ಮಾತ್ರಿ,” ಎಂದ ರಸೂಲಸಾಬ.

ಮಡಿವಾಳೆಪ್ಪನೂ ಹೂಂಗುಟ್ಟಿದ. ತನ್ನದೂ ಅದೇ ಎಂದ ಈರಪ್ಪ.

ಎಲ್ಲಿಗೆ ಕಳಿಸಲಿ ಎಂದು ಸಾಹೇಬರು ಕೇಳಿದರು. ನಾಲ್ವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮಡಿವಾಳೆಪ್ಪ ಹೇಳಿದ.

“ಎಲ್ಲಿಗರೆ ಕಳಸ್ರಿ. ಧಾರವಾಡಕ್ಕ ಒಯ್ರಿ ಬೇಕಾದ್ರ. ದೊಡ್ಡ ಆಫೀಸಿನ್ಯಾಗ ಇಂಥಾವ್ರು ನಡೀತಾರ.”

ಬೆಂಚಿನ ಮೇಲೆ ರಾಯರು ಕಣ್ಣಿಗೆ ನೀರು ಹಚ್ಚುವುದನ್ನು ಬಿಟ್ಟು ಕಿವಿಗೊಟ್ಟರು. ವರ್ಷಗಟ್ಟಲೆ ಮುತ್ತಿನಂಥ ಅಕ್ಷರದಲ್ಲಿ ತಾವು ಬೇಡಿದ್ದನ್ನು ಈ ನಾಲ್ವರು ತಮಗಾಗಿ ಬೇಡುತ್ತಿದ್ದಾರೆ. ಎದ್ದು ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಸಾಹೇಬರು ಅವರನ್ನು ಒಳಗೆ ಕರೆದು, ಇವರು ಹೇಳುವುದು ಖರೆಯೇ ಎಂದು ಕೇಳಿದರು.

ದೇವರು ಕೊಟ್ಟ ಅವಕಾಶ. ರಾಯರು ಏನನ್ನೂ ಉಳಿಸಲಿಲ್ಲ. ಮೇಜು ಹಾಕಿಸಿದ್ದು ತಾನು, ಬಾಟ್ಲಿ ಸರಿಸಿದ್ದು ತಾನು, ಡಾಕ್ಟರ ಹೆಸರು ಹೇಳಿ ಸುಳ್ಳಾಡಿದ್ದೂ ತಾನೇ ಎಂದರು. ಉತ್ಸಾಹದಲ್ಲಿ ಶಿದ್ಲಿಂಗಪ್ಪನ ಕಾಲನ್ನೂ ತಮ್ಮ ಲೆಕ್ಕಕ್ಕೆ ಹಾಕಿಕೊಂಡರು.

“ಇವರದು ಯಾರ್ದೂ ತಪ್ಪಿಲ್ರಿ ಸರ. ಎಲ್ಲಾ ನಂದ. ನನ್ನ ಇಲ್ಲಿ ಇಡೂದು ದವಾಖಾನಿಗೆ ಛಲೋ ಅಲ್ಲ. ಇವತ್ತ ಕಳಸಿದ್ರೂ ನಾ ಹೋಗಲಿಕ್ಕೆ ತಯಾರಿದ್ದೇನಿ,” ಎಂದು ಕೈ ಮುಗಿದರು. ಮೆಣಸಿನಕಾಯಿಯ ಕಣ್ಣೀರು ಗಲ್ಲದ ಮೇಲಿಂದ ಇಳಿದು ಅಂಗಿಯ ಗುಂಡಿಯ ಮೇಲೆ ಬೀಳುತ್ತಿತ್ತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಾಲ್ವರನ್ನೂ ಹೊರಗೆ ಕಳಿಸಿ, ರಾಯರನ್ನು ಕುರ್ಚಿಯಲ್ಲಿ ಕೂಡಿಸಿದರು.

“ಈ ಜಿಲ್ಲಾದಾಗಿನ ಎಲ್ಲಾ ದವಾಖಾನಿ ನೋಡೇನ್ರಿ ನಾ. ತಪ್ಪಾತಂದ್ರ ಲ್ಯಾಬಿನಾಂವ ಕಂಪೌಂಡರ್ ಕಡೆ ಕೈ ಮಾಡ್ತಾನ, ಕಂಪೌಂಡರ್ ಸಿಸ್ಟರ್ ಕಡೆ. ನಾಕೂ ಮಂದಿ ಕೂಡಿ ಬಂದು ಒಂದ ಮಾತು ಹೇಳಿದ್ದು ಇವತ್ತ ಕಂಡೆ. ಆ ನಾಕೂ ಮಂದಿ ತಪ್ಪು ತನ್ನ ತಲಿ ಮ್ಯಾಲೆ ಹೊತಗೊಂಡು ಅಳೂ ಮನಶ್ಯಾನ್ನೂ ಇವತ್ತ ಕಂಡೆ. ಇದಕ್ಕ ಮತ್ತೇನಂತಾರ ಸಮನ್ವಯ ಅಂದ್ರ?”

ರಾಯರು, ಕಣ್ಣೀರು ಮೆಣಸಿನಕಾಯಿಯದು ಎಂದು ಹೇಳಲು ಬಾಯಿ ತೆರೆದರು. ಸಾಹೇಬರು ಕೈಯೆತ್ತಿ ತಡೆದರು.

“ನಿಮ್ಮ ವರ್ಗ ಹೋದ ವಾರನ ನಿಕ್ಕಿ ಮಾಡಿದ್ದೆ ನಾ, ಧಾರವಾಡಕ್ಕ. ಇವತ್ತ ಹೇಳಿ ಹೋಗೂಣಂತ ಬಂದಿದ್ದೆ. ಛಲೋ ಆತು, ಮದಲ ನೋಡಿದೆ. ನಿಮ್ಮನ್ನ ಇಲ್ಲಿಂದ ಕಿತ್ತರ ಈ ದವಾಖಾನಿ ಮತ್ತ ಮದಲಿನಂಗ ಆಗ್ತದ. ನಾ ಇರೂತನಕಾ ನೀವು ಇಲ್ಲೇ.”

ಹೊರಡುವ ಮುಂದೆ ಸಾಹೇಬರು ರಾಯರ ಹೆಗಲ ಮೇಲೆ ಕೈಯಿಟ್ಟರು. ಆ ಭಾರಕ್ಕೆ ರಾಯರು ಒಂದಿಷ್ಟು ಕುಗ್ಗಿದರು. ಡಾಕ್ಟರು ಬಂದು, ಅಭಿನಂದನೆ ಹೇಳಬೇಕೋ 'ಹೋಗಲಿ ಬಿಡ್ರಿ' ಎನ್ನಬೇಕೋ ತಿಳಿಯದೆ, ಚಹಾ ತರಿಸಿದರು.

ಮರುದಿನ ಮೇಜುಗಳು ತಮ್ಮ ತಮ್ಮ ಕೋಣೆಗೆ ಹೋದವು. ತಮ್ಮ ದೂರಿನಿಂದಲೇ ರಾಯರು ಇಲ್ಲಿ ಕಾಯಂ ಆದರೆಂದು ತಿಳಿದ ಮೇಲೆ, ದೂರು ಕೊಡಲು ಮೊದಲು ಹೇಳಿದ್ದು ಯಾರು ಎಂಬ ವಿಷಯಕ್ಕೆ ನಾಲ್ವರೂ ಮತ್ತೆ ಮಾತು ಬಿಟ್ಟರು. ಈ ಸಲ ಮಾತ್ರ ದವಾಖಾನೆಯ ಕೆಲಸ ನಿಲ್ಲಲಿಲ್ಲ. ಈರಪ್ಪನಿಗೆ ಫಿಲ್ಮ್ ಬೇಕಾದರೆ ಅವನು ರಾಯರಿಗೆ ಹೇಳುತ್ತಿದ್ದ, ರಾಯರು ಎದ್ದುಹೋಗಿ ರಸೂಲಸಾಬನಿಗೆ ಹೇಳುತ್ತಿದ್ದರು, ರಸೂಲಸಾಬ ಲೀಲಾಬಾಯಿಗೆ ಕೊಡಬೇಕಾದ ಉತ್ತರವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದ.

ಶನಿವಾರ ಧಾರವಾಡಕ್ಕೆ ಹೋದ ರಾಯರು ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದರು. ವತ್ಸಲಾಬಾಯಿ ಭಕ್ಕರಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ವರ್ಗಾ ಹೋದ ವಾರನ ಆಗಿತ್ತ?”

“ಹೂಂ. ನಿಕ್ಕಿ ಆಗಿತ್ತಂತ.”

“ಮತ್ತ ನೀವೇನ್ ಮಾಡಿದ್ರಿ ಅಂಥಾದ್ದು?”

“ಕೆಲಸ ಮಾಡಿದೆ.”

ವತ್ಸಲಾಬಾಯಿ ಭಕ್ಕರಿಯನ್ನು ಹಂಚಿನ ಮೇಲೆ ಹಾಕಿ, ಕೈಗೆ ಹತ್ತಿದ ಹಿಟ್ಟು ಝಾಡಿಸಿದಳು.

“ಇಷ್ಟ ವರ್ಷ ತಡದಿದ್ರಿ,” ಎಂದಳು. “ಇನ್ನೊಂದ ದಿನಾ ಸುಮ್ನ ಕೂಡ್ಲಿಕ್ಕೆ ಏನಾಗಿತ್ತು ನಿಮಗ?”